ಐಸಿನಲ್ಲಿ ಬಂದ ಇಂಜೆಕ್ಷನ್ನು

ಹೊಳಲ್ಕೆರೆ
11 ಜೂನ್ 2007

ಅಣ್ಣಾ,

ಫೋನು ಮಾಡಬಹುದಿತ್ತು. ಆದರೆ ಎರಡು ಮಾತಾಡುವಷ್ಟರಲ್ಲಿ ನನಗೆ ಕೆಮ್ಮು ಹತ್ತುತ್ತದೆ. ನೀನೂ ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋದೆಯೆಂದರೆ ಸಂಜೆಯವರೆಗೆ ಸಿಗುವವನಲ್ಲ. ಕಾಗದವೇ ವಾಸಿ. ಇಪ್ಪತ್ತೈದು ವರ್ಷ ಸರ್ಕಾರಿ ಕಚೇರಿಯ ದಾಖಲೆ ಕೊಠಡಿಯಲ್ಲಿ ಕೂತವಳಿಗೆ ಬರೆಯುವುದೇನು ಹೊಸದಲ್ಲ.

ಡಿಸೆಂಬರಿನಲ್ಲಿ ನಾನು ದಾವಣಗೆರೆಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮೂಗಿಗೆ ಕೊಳವೆ ಸಿಗಿಸಿಕೊಂಡು ಮಲಗಿದ್ದೆನಲ್ಲ, ಅದು ಶುರುವಾದದ್ದು ಬರೀ ಫ್ಲೂ ಜ್ವರದಿಂದ. ಬೇರೆಯವರಿಗೆ ಅದು ಮೂರು ದಿನದ ಮೂಗು ಸೋರುವಿಕೆ. ನನಗೆ ಹತ್ತೊಂಬತ್ತರಲ್ಲಿ ಬಂದ ಕ್ಷಯ ಉಳಿಸಿ ಹೋದದ್ದೇ ಅರ್ಧ ಶ್ವಾಸಕೋಶ. ಅಲ್ಲಿನ ಡಾಕ್ಟರು ಬಿಡುಗಡೆ ಮಾಡುವಾಗ, ‘ಇನ್ನೊಂದು ಸಲ ಹೀಗೆ ಬಂದರೆ ಉಳಿಸಿಕೊಳ್ಳುವುದು ಕಷ್ಟವಮ್ಮ’ ಎಂದು ಮುಖಕ್ಕೇ ಹೇಳಿದರು. ವರ್ಷಕ್ಕೊಂದು ಫ್ಲೂ ಇಂಜೆಕ್ಷನ್ ಹಾಕಿಸಿಕೊಳ್ಳಬೇಕೆಂದು ಚೀಟಿಯನ್ನೂ ಬರೆದುಕೊಟ್ಟರು.

ಆ ಚೀಟಿ ಹಿಡಿದು ಮೊನ್ನೆ ನಮ್ಮ ಡಾಕ್ಟರ ಹತ್ತಿರ ಹೋದೆ. ಇಪ್ಪತ್ತು ವರ್ಷದಿಂದ ನನ್ನನ್ನು ನೋಡುತ್ತಿರುವ ಮನುಷ್ಯ. ಎರಡು ಸಲ ಓದಿದರು, ಮಡಿಸಿದರು, ವಾಪಸು ಕೊಟ್ಟರು.

‘ಇದೆಲ್ಲ ಇಲ್ಲಿ ಬ್ಯಾಡಮ್ಮ.’

‘ಯಾಕ್ ಸಾರ್?’

‘ಬ್ಯಾಡ ಅಂದ್ನಲ್ಲ. ಜ್ವರ ಬಂದ್ರೆ ಬರ್ರಿ, ನೋಡಾಣ.’

ಅಷ್ಟೇ. ಮುಂದಿನ ಹೆಸರು ಕೂಗಿದರು. ನಮ್ಮ ಕಚೇರಿಯಲ್ಲಿ ಎಂಥ ಕೆಲಸಕ್ಕೆ ಬಾರದ ಅರ್ಜಿಯನ್ನು ತಿರಸ್ಕರಿಸುವಾಗಲೂ ಒಂದು ಸಾಲು ಕಾರಣ ಬರೆಯುತ್ತೇವೆ.

ನೀನು ಕುರಿ ಔಷಧಿಗೆಂದು ಚಿತ್ರದುರ್ಗಕ್ಕೆ ಹೋಗುತ್ತಿರುತ್ತೀಯಲ್ಲ, ಅಲ್ಲಿಯ ಮೆಡಿಕಲ್ ಅಂಗಡಿಗಳಲ್ಲಿ ಇದು ಸಿಗುತ್ತದೆಯೇ ಎಂದು ವಿಚಾರಿಸು. ತೊಂದರೆ ತೆಗೆದುಕೊಂಡು ಹೋಗಬೇಡ, ಹೋದಾಗ ಕೇಳಿದರೆ ಸಾಕು. ಚೀಟಿಯ ನಕಲು ಇಟ್ಟಿದ್ದೇನೆ.

ಯಶೋದಾ

*

ಯಲ್ಲದಕೆರೆ
18 ಜೂನ್ 2007

ತಂಗಿ ಯಶೋದಮ್ಮನಿಗೆ,

ನಿನ್ನ ಕಾಗದ ಬಂತು. ನೀನಾಗಿ ಏನಾದರೂ ಕೇಳಿ ಬರೆದದ್ದು ಎಷ್ಟು ವರ್ಷಕ್ಕೋ. ನಿನ್ನ ಅತ್ತಿಗೆ ಓಬಕ್ಕನಿಗೆ ಓದಿ ಹೇಳಿದೆ. ‘ತೊಂದ್ರೆ ತಗಬ್ಯಾಡ ಅಂದವ್ಳೆ ಅಂತ ಸುಮ್ನೆ ಕುಂತ್ಕಂಡೀರಾ, ನಾಳೀಕೇ ಹೋಗ್ರಿ’ ಎಂದಳು. ಹೋಗಿ ಬಂದೆ.

ಮೊದಲು ನನ್ನ ತಲೆಗೆ ಹೊಳೆದದ್ದು ನಮ್ಮ ತಿಪ್ಪೇರುದ್ರಪ್ಪ. ಕುರಿಗಳಿಗೆ ಲಸಿಕೆ ಹಾಕಲು ನಮ್ಮ ಕಡೆ ಬರುವ ಪಶು ಇಲಾಖೆಯವರು, ಬಹಳ ಹಗುರ ಕೈ. ಸೂಜಿ ಚುಚ್ಚಿದ್ದು ಮರಿಗೆ ಗೊತ್ತೇ ಆಗುವುದಿಲ್ಲ. ನಮ್ಮ ತಂಗಿಗೆ ಒಂದು ಹಾಕಿಕೊಡ್ರಿ ಎಂದು ಕೇಳಿದೆ. ಅವರು ಸ್ಟೂಲಿನಿಂದ ಎದ್ದೇಬಿಟ್ಟರು.

‘ಏನಪ್ಪ ಚಿತ್ರಲಿಂಗಪ್ಪ, ನನ್ನ ಕೆಲ್ಸ ಕಳೀಬೇಕಂತ ಬಂದೀಯಾ? ಲಕ್ಷ ಕುರಿಗೆ ಹಾಕೀನಿ, ಮನುಷ್ಯರಿಗೆ ಒಂದು ಹಾಕಿದ್ರೆ ಮನೀಗೆ ಕಳುಸ್ತಾರೆ.’

ನಗಬೇಡ. ಕೇಳಿದರೆ ತಪ್ಪೇನು ಎಂದು ಕೇಳಿದ್ದು.

ಚಿತ್ರದುರ್ಗದಲ್ಲಿ ನಾಲ್ಕು ಅಂಗಡಿ ತಿರುಗಿದೆ. ಮೂರರಲ್ಲಿ ಹೆಸರೇ ಕೇಳಿಲ್ಲ. ನಾಲ್ಕನೆಯವನು ಬೆಂಗಳೂರಿನಿಂದ ತರಿಸಿಕೊಡುತ್ತೇನೆ ಎಂದ. ಔಷಧಿ ತುಂಬಿದ ಸಿರಿಂಜೇ ಬರುತ್ತದಂತೆ. ಚುಚ್ಚುವವರನ್ನು ಮಾತ್ರ ನಾವೇ ನೋಡಿಕೊಳ್ಳಬೇಕು, ಡಾಕ್ಟರಿಲ್ಲದೆ ಅವನು ಮುಟ್ಟುವುದಿಲ್ಲ. ‘ತಣ್ಣಗಿಡ್ಬೇಕು ಯಜಮಾನ್ರೇ, ಆದ್ರೆ…’ ಎಂದು ಶುರು ಮಾಡಿದ. ನಾನು ಅಲ್ಲಿಗೇ ತಡೆದೆ. ಲಸಿಕೆಯನ್ನು ತಣ್ಣಗಿಡುವುದನ್ನು ಮೂವತ್ತು ವರ್ಷ ಕುರಿ ಸಾಕಿದವನಿಗೆ ಕೌಂಟರಿನಲ್ಲಿ ನಿಂತ ಹುಡುಗ ಹೇಳಿಕೊಡಬೇಕೇ?

ಚುಚ್ಚುವವರು ಯಾರೆಂದು ನೀನು ಗೊತ್ತು ಮಾಡಿ ಬರೆ. ಅಲ್ಲಿಯವರೆಗೆ ತರಿಸುವುದು ಬೇಡ ಎಂದು ಹೇಳಿ ಬಂದಿದ್ದೇನೆ.

ನಿನ್ನ ಅಣ್ಣ,
ಚಿತ್ರಲಿಂಗಪ್ಪ

*

ಹೊಳಲ್ಕೆರೆ
27 ಜೂನ್ 2007

ಅಣ್ಣಾ,

ತಿಪ್ಪೇರುದ್ರಪ್ಪನವರ ವಿಷಯ ಓದಿ ನಕ್ಕೆ. ನಕ್ಕದ್ದಕ್ಕೆ ಹತ್ತು ನಿಮಿಷ ಕೆಮ್ಮಿದೆ.

ನಮ್ಮ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋದೆ. ಔಷಧಿ ನಾನೇ ತರುತ್ತೇನೆ, ನೀವು ಚುಚ್ಚಿದರೆ ಸಾಕು ಎಂದೆ. ‘ಯಾರೋ ತಂದಿದ್ದನ್ನ ನಾನು ಹಾಕಲ್ಲಮ್ಮ’ ಎಂದರು. ನೀವೇ ತರಿಸಿ ಎಂದೆ. ‘ತರಸಲ್ಲ’ ಎಂದರು. ಕಾರಣ ಕೇಳಿದರೆ ಬಿ.ಪಿ. ನೋಡಲು ನನ್ನ ತೋಳಿಗೆ ಪಟ್ಟಿ ಸುತ್ತಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿದರೆ, ಅದು ಅವರಿಗೆ ಸರಬರಾಜೇ ಆಗುವುದಿಲ್ಲವಂತೆ.

ನಮ್ಮ ಬೀದಿಯ ಕೊನೆಯಲ್ಲಿ ಗಿರಿಯಮ್ಮ ಎಂಬ ನಿವೃತ್ತ ನರ್ಸ್ ಇದ್ದಾರೆ. ದಾವಣಗೆರೆಯ ಚೀಟಿ ತೋರಿಸಿದ ಮೇಲೆ ಒಪ್ಪಿದರು. ವಾರವೆಲ್ಲ ಮಗಳ ಮನೆಯಲ್ಲಿರುತ್ತಾರೆ, ಸಿಗುವುದು ಭಾನುವಾರ ಮಾತ್ರ. ನನ್ನ ಮನೆಯಲ್ಲಿ ಫ್ರಿಜ್ಜಿಲ್ಲ, ಆದ್ದರಿಂದ ಅವತ್ತೇ ತಂದು ಅವತ್ತೇ ಹಾಕಿಸಬೇಕು.

ಮಳೆ ಶುರುವಾಗಿದೆ. ಕಚೇರಿಯಲ್ಲಿ ಒಬ್ಬಿಬ್ಬರು ಸೀನುತ್ತಿದ್ದಾರೆ. ನಾನು ಕಡತಗಳ ಕಪಾಟಿನ ಹಿಂದೆ ಕುರ್ಚಿ ಹಾಕಿಕೊಂಡಿದ್ದೇನೆ. ಹೆದರಿದ್ದೇನೆ ಅಣ್ಣ, ಸುಳ್ಳು ಯಾಕೆ ಹೇಳಲಿ.

ಯಶೋದಾ

*

ಯಲ್ಲದಕೆರೆ
10 ಜುಲೈ 2007

ತಂಗಿ ಯಶೋದಮ್ಮನಿಗೆ,

ಭಾನುವಾರ ನಿನ್ನ ಮನೆಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಗಿರಿಯಮ್ಮನವರು ಇದ್ದರು, ನೀನು ಮತ್ತೆ ಮತ್ತೆ ಕಾಫಿ ಕಾಸಲು ಏಳುತ್ತಿದ್ದೆ, ಆಮೇಲೆ ಬಸ್ಸಿನ ಹೊತ್ತಾಯಿತು. ನಮ್ಮಿಬ್ಬರಿಗೂ ಎದುರಿಗೆ ಕೂತರೆ ಬಾಯಿ ಬರುವುದಿಲ್ಲ.

ಔಷಧಿ ಅಂಗಡಿಗೆ ಬಂದದ್ದು ಗುರುವಾರ. ಅವನ ಹತ್ತಿರವೇ ಬಿಟ್ಟರೆ ಭಾನುವಾರ ಅಂಗಡಿ ತೆಗೆಯುವುದಿಲ್ಲ. ನಿನ್ನ ಹತ್ತಿರ ಫ್ರಿಜ್ಜಿಲ್ಲ. ಆಗ ನಾನು ಮಾಡಿದ ಏರ್ಪಾಡು ಕೇಳು. ಕುರಿ ಲಸಿಕೆ ತರುವ ಥರ್ಮಾಕೋಲ್ ಡಬ್ಬಿಯಲ್ಲಿಟ್ಟುಕೊಂಡು ನೇರ ಹಿರಿಯೂರಿಗೆ ಹೋದೆ. ಅಲ್ಲಿ ಮಾರಪ್ಪನ ಐಸ್‌ಕ್ಯಾಂಡಿ ಅಂಗಡಿ ಇದೆ, ನಮ್ಮ ಕುರಿ ಲಸಿಕೆಯನ್ನು ನಾವು ಇಡುವುದೂ ಅಲ್ಲೇ. ಮೂರು ದಿನ ಐಸಿನ ಗಡ್ಡೆಗಳ ನಡುವೆ ಹೂತಿಟ್ಟೆ. ತೆಗೆದಾಗ ಕಲ್ಲಾಗಿತ್ತು. ಭಾನುವಾರ ಬಸ್ಸಿನಲ್ಲಿ ಅಂಗಿಯ ಒಳಜೇಬಿಗೆ ಹಾಕಿಕೊಂಡು ಬಂದೆ, ಹೊಳಲ್ಕೆರೆ ಮುಟ್ಟುವಷ್ಟರಲ್ಲಿ ಹದಕ್ಕೆ ಬಂತು. ‘ಚೆನ್ನಾಗಿ ತಣ್ಣಗಿಟ್ಕಂಡು ತಂದೀರ’ ಎಂದು ಗಿರಿಯಮ್ಮನವರು ಅಂದರಲ್ಲ, ಅದಕ್ಕೆ ನನಗೆ ಒಳಗೊಳಗೇ ಹಿಗ್ಗಾಯಿತು.

ಇನ್ನೊಂದು ಸುದ್ದಿ. ನಮ್ಮ ಮಗ ಕನಕರಾಜನಿಗೆ ಹೊಸದುರ್ಗದ ಕಡೆಯ ಹುಡುಗಿ ಗೊತ್ತಾಗುವ ಹಾಗಿದೆ. ಹೆಸರು ಹೇಮಾವತಿ. ಮದುವೆ ನಮ್ಮ ಮನೆಯಲ್ಲೇ, ಕಾರ್ತಿಕದಲ್ಲಿ. ನೀನು ಬಾ ಎಂದು ಎದುರಿಗೆ ಕೇಳಲು ಧೈರ್ಯ ಬರಲಿಲ್ಲ, ಕಾಗದದಲ್ಲಿ ಕೇಳುತ್ತಿದ್ದೇನೆ. ಅವ್ವ ತೀರಿಕೊಂಡಾಗ ಅಂಗಳದಲ್ಲಿ ನಿಂತು, ಒಂದು ಲೋಟ ನೀರೂ ಕುಡಿಯದೆ ಹೋದವಳು ನೀನು. ಈಗ ಇಂಜೆಕ್ಷನ್ ಆಗಿದೆ. ಜನ ಸೇರುವ ಕಡೆ ಬರಬಾರದು ಎನ್ನುವ ಭಯ ಇನ್ನು ಬೇಡ.

ನಿನ್ನ ಅಣ್ಣ,
ಚಿತ್ರಲಿಂಗಪ್ಪ

*

ಹೊಳಲ್ಕೆರೆ
20 ಅಕ್ಟೋಬರ್ 2007

ಅಣ್ಣಾ,

ಮೂರು ತಿಂಗಳು ಬರೆಯಲಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಸಿದ್ಧವಿರಲಿಲ್ಲ.

ಆಗಸ್ಟಿನಲ್ಲಿ ನಮ್ಮ ಕಚೇರಿಗೆ ಫ್ಲೂ ಹೊಕ್ಕಿತು. ಎಂಟು ಜನರಲ್ಲಿ ಐವರು ಮಲಗಿದರು. ನಾನು ಮಲಗಲಿಲ್ಲ. ಪ್ರತಿದಿನ ಬೆಳಿಗ್ಗೆ ಹಣೆ ಮುಟ್ಟಿಕೊಂಡು ನೋಡುತ್ತಿದ್ದೆ, ಏನೂ ಇಲ್ಲ. ಸೆಪ್ಟೆಂಬರಿನಲ್ಲಿ ಕುರ್ಚಿಯನ್ನು ಕಪಾಟಿನ ಹಿಂದಿನಿಂದ ಮುಂದಕ್ಕೆ ತಂದೆ. ಕಿಟಕಿ ಪಕ್ಕ ಬೆಳಕು ಚೆನ್ನಾಗಿದೆ. ಮೊನ್ನೆ ಸಹೋದ್ಯೋಗಿಯ ಮಗುವಿನ ನಾಮಕರಣಕ್ಕೂ ಹೋಗಿ ಎಲೆಯ ಮುಂದೆ ಕೂತು ಊಟ ಮಾಡಿ ಬಂದೆ. ಪಂಕ್ತಿಯಲ್ಲಿ ಕೂತು ಎಷ್ಟು ಕಾಲವಾಗಿತ್ತೆಂದರೆ, ಪಾಯಸ ಬಡಿಸುವಾಗ ಕೈ ಅಡ್ಡ ಹಿಡಿಯಬೇಕೆಂಬುದೂ ಮರೆತುಹೋಗಿತ್ತು. ಮೂರು ಸೌಟು ಬಿತ್ತು.

ನಮ್ಮ ಡಾಕ್ಟರು ದಾರಿಯಲ್ಲಿ ಸಿಕ್ಕಾಗ ಬೇಕೆಂದೇ ನಮಸ್ಕಾರ ಮಾಡಿದೆ.

ಲಗ್ನಪತ್ರಿಕೆ ತಲುಪಿತು. ನವೆಂಬರ್ ಇಪ್ಪತ್ತೈದು, ಭಾನುವಾರ. ಬರುತ್ತೇನೆ. ಮುಹೂರ್ತಕ್ಕೆ ಬಂದು ಮುಖ ತೋರಿಸಿ ಹೋಗುವುದಲ್ಲ, ಎರಡು ದಿನ ಮುಂಚೆಯೇ ಬಂದು ನಾಲ್ಕು ದಿನ ಇರುತ್ತೇನೆ. ರಜೆ ಅರ್ಜಿಯನ್ನು ಇವತ್ತೇ ಕೊಟ್ಟೆ. ಅತ್ತಿಗೆಗೆ ಹೇಳು.

ಯಶೋದಾ

*

ಯಲ್ಲದಕೆರೆ
4 ನವೆಂಬರ್ 2007

ತಂಗಿ ಯಶೋದಮ್ಮನಿಗೆ,

ಈ ಕಾಗದವನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ. ಎರಡು ಸಲ ಹರಿದು ಹಾಕಿದೆ.

ಗುರುವಾರ ತಿಪ್ಪೇರುದ್ರಪ್ಪನವರು ನಮ್ಮ ಕುರಿಗಳಿಗೆ ಸಿಡುಬಿನ ಲಸಿಕೆ ಹಾಕಲು ಬಂದಿದ್ದರು. ಕೆಲಸ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿಯುವಾಗ ನಾನೇ ಜಂಬದಿಂದ ಮಾತು ತೆಗೆದೆ. ನೀವು ಹಾಕದಿದ್ದರೇನಾಯಿತು, ನಮ್ಮ ತಂಗಿಗೆ ಇಂಜೆಕ್ಷನ್ ಹಾಕಿಸಿದೆ, ಮೂರು ದಿನ ಮಾರಪ್ಪನ ಐಸಿನಲ್ಲಿ ಕಲ್ಲಿನ ಹಾಗೆ ಇಟ್ಟಿದ್ದೆ ಎಂದೆ. ಅವರು ಲೋಟ ಕೆಳಗಿಟ್ಟರು.

‘ಕಲ್ಲಾಗಿತ್ತಾ?’

‘ಹ್ಞೂಂ, ಒಂದು ಹನಿ ಕರಗಿರ್ಲಿಲ್ಲ.’

‘ಅಯ್ಯೋ ಪುಣ್ಯಾತ್ಮ. ಕುರಿ ಸಿಡುಬಿಂದು ಪುಡಿ ಐತೆ, ಅದಕ್ಕೆ ಐಸ್ ಇದ್ದಷ್ಟೂ ಒಳ್ಳೇದು. ನೀರಿನಂಗಿರೋ ಔಷಧಿ ಹೆಪ್ಪುಗಟ್ಟಬಾರ್ದು. ಹೆಪ್ಪುಗಟ್ಟಿತು ಅಂದ್ರೆ ಅದ್ರಾಗೇನೂ ಉಳಿಯಲ್ಲ. ಆಮ್ಯಾಲೆ ಬರೀ ನೀರು ಚುಚ್ಚಿದಂಗೆ.’

ನಾನು ನಂಬಲಿಲ್ಲ. ಮಾರನೆಯ ದಿನ ಚಿತ್ರದುರ್ಗದ ಆ ಅಂಗಡಿಗೆ ಹೋದೆ. ಹುಡುಗ ಗುರುತು ಹಿಡಿದ. ‘ನಾನು ಅದ್ನೇ ಹೇಳಾಕೆ ಬಂದೆ ಯಜಮಾನ್ರೇ, ನೀವು ಬಾಯಿ ತೆಗಿಯಾಕೆ ಬಿಡ್ಲಿಲ್ಲ’ ಎಂದ. ಹೌದು, ಬಿಟ್ಟಿರಲಿಲ್ಲ.

ಅಂದರೆ ನಿನಗೆ ಇಂಜೆಕ್ಷನ್ ಆಗಿಲ್ಲ. ಮಳೆಗಾಲ ದಾಟಿದ್ದು ನಿನ್ನ ಅದೃಷ್ಟ. ನಾನು ತಂದ ಔಷಧಿಯಿಂದ ಅಲ್ಲ.

ನಮ್ಮ ಊರಿನಲ್ಲಿ ಈಗ ಎಂಟು ಮನೆಯಲ್ಲಿ ಜ್ವರ ಇದೆ. ಓಬಕ್ಕ, ‘ಈಗ್ಲೇ ಹೇಳ್ಬ್ಯಾಡ್ರಿ, ಮೊದ್ಲು ಬಂದು ಹೋಗ್ಲಿ. ಈ ಸಲ ತಪ್ಪಿದ್ರೆ ಆಯಮ್ಮ ಇನ್ಯಾವತ್ತೂ ಈ ಮನೀಗೆ ಕಾಲಿಡಲ್ಲ’ ಎಂದಳು. ನನಗೂ ಹಾಗೇ ಅನ್ನಿಸಿತು. ಎರಡು ಸಲ ಹರಿದು ಹಾಕಿದ್ದು ಅದಕ್ಕೇ. ನೀನು ಬರುತ್ತೀಯೆಂದು ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಸುಣ್ಣ ಹೊಡೆಯುವವನು ಯಾರಿಗೆ ಎಂದು ಕೇಳಿದರೆ ನನ್ನ ತಂಗಿಗೆ ಎಂದು ಹೇಳಿದ್ದೇನೆ. ಬರಬೇಡ ಎಂದು ಬರೆಯಲು ಕೈ ಬರುತ್ತಿಲ್ಲ. ಬಾ ಎಂದು ಬರೆಯಲೂ ಆಗುತ್ತಿಲ್ಲ.

ತಪ್ಪು ನನ್ನದು.

ಚಿತ್ರಲಿಂಗಪ್ಪ

*

ಹೊಳಲ್ಕೆರೆ
7 ನವೆಂಬರ್ 2007

ಅಣ್ಣಾ,

ನಿನ್ನ ಕಾಗದ ಮಧ್ಯಾಹ್ನ ಬಂತು. ಓದಿ ಎದ್ದು ಕುರ್ಚಿಯನ್ನು ಕಿಟಕಿಯಿಂದ ಹಿಂದಕ್ಕೆ ಎಳೆದುಕೊಂಡೆ.

ಸಿಟ್ಟು ಬಂತು. ನನ್ನನ್ನು ಕುರಿಯ ಲೆಕ್ಕಕ್ಕೆ ಹಿಡಿದದ್ದು ಇದು ಎರಡನೆಯ ಸಲ. ಮೊದಲನೆಯದು ಎಪ್ಪತ್ತೆಂಟರಲ್ಲಿ. ಕ್ಷಯ ಎಂದು ಗೊತ್ತಾದ ವಾರವೇ ನನ್ನನ್ನು ಹೊಲದ ಗುಡಿಸಲಿಗೆ, ಕುರಿ ಕೂಡುವ ರೊಪ್ಪದ ಪಕ್ಕಕ್ಕೆ ಸಾಗಿಸಿದಿರಿ. ರೋಗದ ಕುರಿಯನ್ನು ಹಿಂಡಿನಿಂದ ಬೇರೆ ಕಟ್ಟುವ ಹಾಗೆ. ‘ಗಾಳಿ ಚೆನ್ನಾಗೈತೆ’ ಎಂದು ಅಪ್ಪ ಹೇಳಿದ. ಏಳು ತಿಂಗಳು ನೀನು ಬುತ್ತಿಯನ್ನು ಬಂಡೆಯ ಮೇಲಿಟ್ಟು, ದೂರದಿಂದ ಕೂಗಿ ಹೋಗುತ್ತಿದ್ದೆ. ಯಾಕೆ ಎಂದು ಒಬ್ಬರೂ ಹೇಳಲಿಲ್ಲ. ನಾನು ಏನೋ ಮಾಡಬಾರದ್ದು ಮಾಡಿದ್ದೇನೆ ಎಂದುಕೊಂಡಿದ್ದೆ. ಅದು ಅಂಟುರೋಗ ಎಂದು ನನಗೆ ತಿಳಿಸಿದ್ದು ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದ ಒಂದು ಚಿತ್ರ.

ಜನ ಸೇರುವಲ್ಲಿಗೆ ಬಂದರೆ ಜ್ವರ ಬರುತ್ತದೆ ಎಂದು ಇಷ್ಟು ವರ್ಷ ನಿಮಗೆ ಹೇಳುತ್ತಾ ಬಂದೆ. ಅದು ಪೂರ್ತಿ ನಿಜವಲ್ಲ. ಹಾಗೆ ಹೇಳುವುದು ಸುಲಭವಿತ್ತು. ನಾನು ಬರದೇ ಇದ್ದದ್ದು ಕೋಪದಿಂದ. ಈಗ ಬರಲು ಮನಸ್ಸಾಗಿತ್ತು. ಈಗಲೇ ನಿಜವಾದ ಜ್ವರ ಅಡ್ಡ ಬಂದಿದೆ.

ಒಂದು ಮಾತು ಬರೆದುಬಿಡುತ್ತೇನೆ. ಹೇಳದೇ ಇದ್ದಿದ್ದರೆ ನಾನು ಬಂದಿರುತ್ತಿದ್ದೆ, ನಿನಗೆ ಅದು ಗೊತ್ತಿತ್ತು. ಆದರೂ ಹೇಳಿದೆ. ಇದನ್ನು ನಾನು ಲಘುವಾಗಿ ತೆಗೆದುಕೊಂಡಿಲ್ಲ.

ದೀಪಾವಳಿ ಮುಗಿದ ಕೂಡಲೇ ನಿನ್ನ ಕಾಗದ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗುತ್ತೇನೆ. ಈ ಸಲ ಕಾರಣ ಹೇಳದೆ ಅವರು ಮೇಲೇಳುವ ಹಾಗಿಲ್ಲ.

ಯಶೋದಾ

*

ಹೊಳಲ್ಕೆರೆ
15 ನವೆಂಬರ್ 2007

ಅಣ್ಣಾ,

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಸೋಮವಾರ ಬೆಳಿಗ್ಗೆ ಡಾಕ್ಟರ ಮೇಜಿನ ಮೇಲೆ ನಿನ್ನ ಕಾಗದ ಇಟ್ಟು, ಓದಿ ಎಂದೆ. ಓದಿದರು. ಮಾರಪ್ಪನ ಐಸಿಗೆ ಬಂದಾಗ ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದರು. ಪೂರ್ತಿ ಓದಿ ಕನ್ನಡಕ ತೆಗೆದರು.

‘ನಿಮ್ಮಣ್ಣ ನನಗಿಂತ ವಾಸಿ ಕಣಮ್ಮ. ಆದದ್ದನ್ನ ಬರದವ್ನೆ. ನಾನು ಇದೇ ಭಯಕ್ಕೆ ಬ್ಯಾಡ ಅಂದಿದ್ದು.’

‘ಯಾವ ಭಯ ಸಾರ್?’

‘ಊರಾಗೆ ದಿನಕ್ಕೆ ಎಂಟು ತಾಸು ಕರೆಂಟಿಲ್ಲ. ನನ್ನ ಫ್ರಿಜ್ಜಿನಾಗೆ ಇಟ್ಟ ಔಷಧೀನ ನಾನೇ ನಂಬಲ್ಲ. ಅದನ್ನ ನಿಮ್ಮ ಮುಂದೆ ಹೆಂಗ್ ಹೇಳ್ಲಿ? ಬೋರ್ಡ್ ಹಾಕ್ಲಾ?’

ಹೇಳಿದ್ದರೆ ಆಗುತ್ತಿತ್ತು ಎಂದೆ. ‘ಆಗ್ತಿತ್ತು’ ಎಂದು ಒಪ್ಪಿದರು. ವಯಸ್ಸಾಗಿದೆ ಅವರಿಗೆ. ನಾನು ಗಮನಿಸಿರಲೇ ಇಲ್ಲ.

ಬುಧವಾರಕ್ಕೊಮ್ಮೆ ಅವರು ಚಿತ್ರದುರ್ಗದಲ್ಲಿ ಸ್ನೇಹಿತರ ನರ್ಸಿಂಗ್ ಹೋಮಿಗೆ ಹೋಗುತ್ತಾರೆ. ಅಲ್ಲಿ ಜನರೇಟರ್ ಇದೆ. ನನ್ನೆದುರೇ ನಿನ್ನ ಅಂಗಡಿಯವನಿಗೆ ಫೋನು ಮಾಡಿ ಸಿರಿಂಜನ್ನು ನೇರ ಅಲ್ಲಿಗೇ ತರಿಸಿದರು. ನಿನ್ನೆ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋಗಿ ತಮ್ಮ ಕೈಯಾರೆ ಹಾಕಿದರು. ಮೊದಲನೆಯದರಿಂದ ಕೆಡುಕೇನೂ ಆಗಿಲ್ಲವಂತೆ. ಇದು ಹತ್ತಲು ಎರಡು ವಾರ ಬೇಕು, ಅಲ್ಲಿಯವರೆಗೆ ಜ್ವರ ಇರುವ ಕಡೆ ಹೋಗುವ ಹಾಗಿಲ್ಲ.

ಎರಡು ವಾರ ಎಂದರೆ ಇಪ್ಪತ್ತೆಂಟನೇ ತಾರೀಕು. ಮದುವೆ ಇಪ್ಪತ್ತೈದಕ್ಕೆ. ಬರೀ ಮೂರು ದಿನ. ಹತ್ತು ಸಲ ಎಣಿಸಿದರೂ ಮೂರೇ.

ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿದ್ದೇನೆ.

ಯಶೋದಾ

*

ಯಲ್ಲದಕೆರೆ
19 ನವೆಂಬರ್ 2007

ತಂಗಿ ಯಶೋದಮ್ಮನಿಗೆ,

ಬರಬೇಡ.

ಕಾರಣವನ್ನೂ ಬರೆಯುತ್ತೇನೆ. ಊರಿನಲ್ಲಿ ಜ್ವರ ಹದಿನಾಲ್ಕು ಮನೆಗೆ ಹಬ್ಬಿದೆ. ನಮ್ಮ ಮನೆಯಲ್ಲಿ ಓಬಕ್ಕ ನಿನ್ನೆಯಿಂದ ಕಂಬಳಿ ಹೊದ್ದಿದ್ದಾಳೆ. ಮೂರು ದಿನ ತಾನೆ ಎಂದು ನೆಂಟರು ಹೇಳುತ್ತಾರೆ, ಮೂರು ದಿನದಲ್ಲಿ ಏನಾಗುತ್ತದೆ ಎಂಬುದು ಕುರಿ ಸಾಕಿದವನಿಗೆ ಗೊತ್ತು. ಲಸಿಕೆ ಹಾಕಿಸಿದ ಹಿಂಡನ್ನು ಮೂರು ವಾರ ನಾನು ಸಂತೆಯ ದಾರಿಗೂ ಬಿಡುವುದಿಲ್ಲ. ಇಷ್ಟಾದ ಮೇಲೂ ಕುರಿಯ ಮಾತು ಹೇಳುತ್ತಾನೆ ಎಂದು ಬೇಜಾರು ಮಾಡಿಕೊಳ್ಳಬೇಡ. ನನಗೆ ಗೊತ್ತಿರುವುದು ಅದೊಂದೇ.

ಎಪ್ಪತ್ತೆಂಟರದ್ದನ್ನು ಕೇಳಿದ್ದೀಯ. ಓಬಕ್ಕ ಆಗ ಏಳು ತಿಂಗಳ ಬಸುರಿ. ಹೊಟ್ಟೆಯ ಕೂಸಿಗೆ ಅಂಟುತ್ತದೆ ಎಂದು ಅಪ್ಪ ಹೆದರಿದ. ಅಪ್ಪನ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಬಹುದು. ಆದರೆ ನನಗೇ ಭಯವಿತ್ತು, ಯಶೋದಾ. ಇಪ್ಪತ್ತೆರಡು ವರ್ಷದ ಗಂಡಸು, ನಿನ್ನ ತಟ್ಟೆ ಮುಟ್ಟಲು ಹೆದರಿದೆ. ನಿನಗೆ ಹೇಳಿದರೆ ನೀನು ಅಳುತ್ತೀಯ, ನಿನ್ನ ಅಳು ನೋಡಲಾಗುವುದಿಲ್ಲ ಎಂದು ಹೇಳದೆ ಓಡಿಬರುತ್ತಿದ್ದೆ.

ಮದುವೆಯನ್ನು ಮುಂದಕ್ಕೆ ಹಾಕಬಹುದೇ ಎಂದು ಕನಕರಾಜ ಬೀಗರನ್ನು ಕೇಳಿಬಿಟ್ಟಿದ್ದಾನೆ. ನನಗೆ ಹೇಳದೆಯೇ. ಆಗಲಿಲ್ಲ, ಆದರೆ ಕೇಳಿದ್ದಾನೆ ಎನ್ನುವುದು ನಿನಗೆ ಗೊತ್ತಿರಲಿ.

ನಿನ್ನ ಅಣ್ಣ,
ಚಿತ್ರಲಿಂಗಪ್ಪ

*

ಹೊಳಲ್ಕೆರೆ
26 ನವೆಂಬರ್ 2007

ಅಣ್ಣಾ,

ನಿನ್ನೆ ಹತ್ತೂವರೆಗೆ ಮುಹೂರ್ತ ಎಂದಿತ್ತು. ಆ ಹೊತ್ತಿಗೆ ಸೀರೆ ಉಟ್ಟು ಮನೆಯಲ್ಲೇ ಕೂತಿದ್ದೆ. ಹನ್ನೊಂದಕ್ಕೆ ಎದ್ದು ಅಕ್ಕಿ ತೊಳೆದೆ. ಸಂಜೆ ಕನಕರಾಜ ಫೋನು ಮಾಡಿ, ‘ಅತ್ತೆ, ನೀವು ಇರ್ಬೇಕಿತ್ತು’ ಎಂದ. ಕೆಮ್ಮು ಬರುವವರೆಗೆ ಇಬ್ಬರ ಜೊತೆಯೂ ಮಾತಾಡಿದೆ. ಹುಡುಗಿಯ ದನಿ ಚೆನ್ನಾಗಿದೆ.

ಮೂರು ದಿನದ ವಿಷಯ. ನೀನು ಬೇಡ ಎಂದು ಬರೆದ ಮೇಲೂ ಶುಕ್ರವಾರ ಬಸ್ ಸ್ಟ್ಯಾಂಡಿಗೆ ಹೋಗಿ ಹಿರಿಯೂರಿನ ಬಸ್ಸಿನ ಹೊತ್ತು ಕೇಳಿ ಬಂದಿದ್ದೆ. ಆಮೇಲೆ ಹೋಗಲಿಲ್ಲ. ಈ ಮದುವೆ ನನಗೆ ತಪ್ಪಿದ್ದಕ್ಕೆ ನೀನು ಕೊರಗಬೇಡ, ತಪ್ಪಿಸಿಕೊಂಡವಳು ನಾನೇ. ಇಪ್ಪತ್ತೊಂಬತ್ತು ವರ್ಷ ನಿಮ್ಮ ಮೇಲಿನ ಕೋಪಕ್ಕೆ ಮನೆಯೊಳಕ್ಕೆ ಬರಲಿಲ್ಲ. ಈ ಸಲ ಬರದೇ ಇದ್ದದ್ದು, ಒಂದೇ ಸಲ ಬಂದು ಮುಗಿಸಲು ಮನಸ್ಸಿಲ್ಲದ್ದಕ್ಕೆ. ನಾನು ಬರುತ್ತಾ ಇರಬೇಕು.

ಗುರುವಾರ ಇಪ್ಪತ್ತೊಂಬತ್ತಕ್ಕೆ, ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಅಷ್ಟರಲ್ಲಿ ಅತ್ತಿಗೆಯ ಜ್ವರ ಬಿಟ್ಟಿರದಿದ್ದರೆ ಒಂದು ಫೋನು ಮಾಡು, ಇನ್ನೊಂದು ವಾರ ಬಿಟ್ಟು ಬರುತ್ತೇನೆ. ನಾಲ್ಕು ದಿನ ಎಂದಿದ್ದೆ. ರಜೆ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡು ಹತ್ತು ದಿನ ಎಂದು ತಿದ್ದಿ ಕೊಟ್ಟೆ. ಕಾರಣ ಎನ್ನುವ ಕಡೆ ‘ತವರುಮನೆ’ ಎಂದು ಬರೆದೆ. ಸಾಹೇಬರು ಕಾರಣ ಓದಿ, ನನ್ನ ಮುಖ ನೋಡಿ, ಸಹಿ ಹಾಕಿದರು.

ಯಶೋದಾ